ತಪ್ಪಿನ ಸದ್ದನ್ನೇ ಮೆಚ್ಚಿದ ಹುಡುಗ

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ, ನನ್ನಲ್ಲಿ ವರ್ತನಾ ಚಿಕಿತ್ಸೆಗೆ ಬರುತ್ತಿದ್ದ ಆರು ವರ್ಷದ ಹುಡುಗ ತಾಯಿಯೊಡನೆ ಸಾಗರದ ಹತ್ತಿರದ ಅಜ್ಜಿಮನೆ ಸೇರಿದ್ದ. ಆಟಿಸಂ ಇದ್ದ ಅವನಿಗೆ ಆಗಷ್ಟೇ ವಸ್ತುಗಳ ಹೆಸರು ಹಿಡಿತಕ್ಕೆ ಬರುತ್ತಿತ್ತು. ಬಿಡುವಂತಿರಲಿಲ್ಲ.

ವಿಡಿಯೊ ಕರೆಯಲ್ಲಿ ಚಿತ್ರ ತೋರಿಸಿ ಕೇಳಿದ ಮೊದಲ ವಾರ ಪೂರ್ತಿ ದಂಡ. ಅವನು ಸರಿಯಾದ ಚಿತ್ರ ಮುಟ್ಟಿದ್ದಕ್ಕೆ ನಾನು ಹೇಳಿದ ‘ಭೇಷ್’, ಮಲೆನಾಡಿನ ನೆಟ್‌ವರ್ಕ್ ದಾಟಿ ಹೋಗುವಷ್ಟರಲ್ಲಿ ಅವನು ಕುರ್ಚಿಯಿಂದ ಇಳಿದಿರುತ್ತಿದ್ದ. ಪುನರ್ಬಲನ, ಅಂದರೆ ಒಂದು ವರ್ತನೆ ಮತ್ತೆ ಮತ್ತೆ ಬರುವಂತೆ ಮಾಡುವ ಹೊಗಳಿಕೆ ಅಥವಾ ಬಹುಮಾನ, ತಡವಾದರೆ ಬೇರೆ ವರ್ತನೆಗೆ ಅಂಟಿಕೊಳ್ಳುತ್ತದೆ. ಅಷ್ಟು ದಿನ ನಾನು ಹೊಗಳಿದ್ದು ಅವನು ಕುರ್ಚಿ ಬಿಟ್ಟದ್ದನ್ನು!

ಆಮೇಲೆ ಪವರ್‌ಪಾಯಿಂಟ್‌ನಲ್ಲಿ ಚಟುವಟಿಕೆ ಮಾಡಿ ಹಿಂದಿನ ರಾತ್ರಿಯೇ ಕಳುಹಿಸತೊಡಗಿದೆ. ಅವರ ಲ್ಯಾಪ್‌ಟಾಪ್‌ನಲ್ಲಿ ಅವನೇ ಮೌಸ್ ಒತ್ತುತ್ತಿದ್ದ. ಮೊಬೈಲು ಅಕ್ಕಿ ಡಬ್ಬಕ್ಕೆ ಒರಗಿರುತ್ತಿತ್ತು, ನನಗೆ ಅವನ ಕಣ್ಣು, ಕೈ ಎರಡೂ ಕಾಣುವ ಹಾಗೆ. ಸರಿಯುತ್ತರಕ್ಕೆ ಚಿಕ್ಕಿಯ ಚೂರನ್ನು ತಾಯಿಯೇ ಆ ಕ್ಷಣದಲ್ಲಿ ಕೊಡುತ್ತಿದ್ದರು.

ಎಡವಿದ್ದು ನಾನೇ. ತಪ್ಪು ಚಿತ್ರ ಒತ್ತಿದರೆ ‘ಟೊಂಯ್’ ಎನ್ನುವ ಸದ್ದು ಹಾಕಿದ್ದೆ. ಹತ್ತರಲ್ಲಿ ಎಂಟು ತಪ್ಪು ಬರತೊಡಗಿತು. ಕಲಿತದ್ದು ಮರೆತನೇ ಎಂದು ಹೆದರಿದೆ. ಗಮನಿಸಿ ನೋಡಿದರೆ, ‘ಲೋಟ ಯಾವುದು’ ಎಂದಾಗ ಅವನ ಕಣ್ಣು ನೇರವಾಗಿ ಲೋಟಕ್ಕೆ ಹೋಗುತ್ತಿತ್ತು, ಕೈ ಮಾತ್ರ ತಟ್ಟೆಗೆ. ಟೊಂಯ್ ಎಂದೊಡನೆ ಕಿಸಕ್ಕನೆ ನಗು. ಚಿಕ್ಕಿಗಿಂತ ಆ ಸದ್ದೇ ಅವನಿಗೆ ರುಚಿ. ತಪ್ಪಿನ ಸದ್ದು ತೆಗೆದು, ಅದೇ ಟೊಂಯ್ ಅನ್ನು ಸರಿಯುತ್ತರಕ್ಕೆ ಹಾಕಿದೆ. ಮೂರೇ ದಿನಕ್ಕೆ ಲೆಕ್ಕ ತಿರುವುಮುರುವಾಯಿತು. ಸಿದ್ಧ ಆಪ್‌ಗಳಲ್ಲಿ ಇಂಥ ತಿದ್ದುಪಡಿಗೆ ಹೆಚ್ಚಾಗಿ ಅವಕಾಶವಿರುವುದಿಲ್ಲ. ಅದಕ್ಕೇ ನಾನು ಇಂದಿಗೂ ಕೈಯಾರೆ ಮಾಡಿದ ಸ್ಲೈಡುಗಳನ್ನೇ ನೆಚ್ಚುತ್ತೇನೆ.

ಒಂದು ದಿನ ಹತ್ತಕ್ಕೆ ಹತ್ತೂ ಸರಿ! ಅನುಮಾನ ಬಂತು.

“ನೀವು ಸುಳಿವು ಕೊಟ್ಟಿರಾ?”

“ಇಲ್ಲ ಮೇಡಂ, ತುಟಿ ಬಿಚ್ಚಲಿಲ್ಲ.”

“ನಿಮ್ಮ ಬಳೆ ಹೇಳಿತಲ್ಲಮ್ಮಾ.”

ಸರಿಯಾದ ಚಿತ್ರದ ಕಡೆಗೆ ಅವರ ಕೈ ತಾನಾಗಿಯೇ ಅಲುಗಿ ಬಳೆ ಸದ್ದಾಗುತ್ತಿತ್ತು. ಮರುದಿನದಿಂದ ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಕುಳಿತರು.

ದೊಡ್ಡ ತೊಡಕು ಬೇರೆಯೇ ಇತ್ತು. ‘ಚಮಚ ತಾ’ ಎಂದರೆ ಹುಡುಗ ಲ್ಯಾಪ್‌ಟಾಪ್ ಹತ್ತಿರ ಓಡಿ ಪರದೆ ಮುಟ್ಟುತ್ತಿದ್ದ. ಅವನ ಪಾಲಿಗೆ ಚಮಚ ಇದ್ದದ್ದು ಅಲ್ಲೇ. ಅಂತರ್ಜಾಲದ ಚಿತ್ರಗಳನ್ನೆಲ್ಲ ಕಿತ್ತು, ಆ ಮನೆಯದೇ ಪಾತ್ರೆಗಳ ಫೋಟೊ ತರಿಸಿ ಹಾಕಿದೆ. ಮೂರು ಸ್ಲೈಡು ಮುಗಿದ ಮೇಲೆ ಒಂದು ಸಲ ಎದ್ದು ಹೋಗಿ ನಿಜವಾದ ವಸ್ತು ತರಬೇಕು.

ಜೂನ್‌ನಲ್ಲಿ ಒಮ್ಮೆ ಸೌಟು ಕೇಳಿದೆ. ಒಲೆಯ ಪಕ್ಕದ ಪಾತ್ರೆಯಿಂದಲೇ ಎತ್ತಿಕೊಂಡು ಬಂದ, ದಾರಿಯುದ್ದಕ್ಕೂ ಸಾರು ತೊಟ್ಟಿಕ್ಕಿಸುತ್ತಾ. ಒಳಗಿನಿಂದ ಅಜ್ಜಿ ಬೈಯುತ್ತಿದ್ದದ್ದು ನನಗೂ ಕೇಳಿಸಿತು.