ಅಡ್ವಾನ್ಸ್ ಹಣವನ್ನು ಬೇರೆ ಇಟ್ಟ ಮೇಲೆ

ಬೆಂಗಳೂರಿನಲ್ಲಿ ನಮ್ಮದು 30×40 ಸೈಟು. ಕೆಳಗೆ ನಾವಿದ್ದು, ಮೇಲಿನ ಎರಡು ಮನೆಗಳನ್ನು 2011ರಿಂದ ಬಾಡಿಗೆಗೆ ಕೊಡುತ್ತ ಬಂದಿದ್ದೇನೆ. ಬಾಡಿಗೆ ತಡವಾದದ್ದು, ಪೈಪು ಸೋರಿದ್ದು ಎಲ್ಲವೂ ಉಂಟು. ಆದರೆ ನನ್ನನ್ನು ನಿಜವಾಗಿ ಕಂಗೆಡಿಸಿದ್ದು ಅಡ್ವಾನ್ಸ್ ಹಣ, ಮತ್ತು ಅದರಲ್ಲಿ ತಪ್ಪು ನನ್ನದೇ ಆಗಿತ್ತು.

ಆಗ ನಮ್ಮ ಬೀದಿಯಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಪಡೆಯುವುದು ವಾಡಿಕೆ. 9,000 ರೂಪಾಯಿ ಬಾಡಿಗೆಯ ಮನೆಯಿಂದ ಬಂದ 90,000 ರೂಪಾಯಿಯನ್ನು ನಾನು ಸಂಪಿನ ದುರಸ್ತಿಗೂ ಹೊಸ ಟ್ಯಾಂಕಿಗೂ ಹಾಕಿಬಿಟ್ಟೆ. ಒಬ್ಬರು ಖಾಲಿ ಮಾಡಿದಾಗ ಮುಂದೆ ಬರುವವರ ಅಡ್ವಾನ್ಸಿನಿಂದ ಅವರಿಗೆ ಕೊಟ್ಟರಾಯಿತು ಎಂದುಕೊಂಡಿದ್ದೆ. 2014ರಲ್ಲಿ ಆ ಮನೆಯವರಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಒಂದು ತಿಂಗಳು ಮೊದಲೇ ತಿಳಿಸಿದ್ದರು. ಅಷ್ಟರಲ್ಲಿ ಆಷಾಢ ಬಂದಿತ್ತು. ಆ ತಿಂಗಳಲ್ಲಿ ಹೊಸ ಮನೆಗೆ ಹೋಗಲು ಜನ ಒಪ್ಪುವುದಿಲ್ಲವಾದ್ದರಿಂದ ಮನೆ ಕೇಳಿಕೊಂಡು ಯಾರೂ ಬರಲಿಲ್ಲ. ಸಾಮಾನು ಲಾರಿಗೆ ಏರಿಸಿ ನಿಂತವರ ಕೈಗೆ ಅರ್ಧ ಹಣವನ್ನಷ್ಟೇ ಇಡಬೇಕಾಯಿತು. ಅವರು ಒಂದು ಬಿರುಮಾತನ್ನೂ ಆಡಲಿಲ್ಲ. ಹುಬ್ಬಳ್ಳಿಯ ಮನೆಗೆ ಅವರೂ ಅಡ್ವಾನ್ಸ್ ಕೊಡಬೇಕಿತ್ತೆಂಬುದು ನನಗೆ ಹೊಳೆದದ್ದು ಆ ರಾತ್ರಿ. ಮನೆಯವಳ ಬಳೆ ಅಡವಿಟ್ಟು ಉಳಿದದ್ದನ್ನು ಕಳುಹಿಸಿದೆ.

ಅಂದಿನಿಂದ ಪ್ರತಿ ಮನೆಯ ಅಡ್ವಾನ್ಸನ್ನು ಬ್ಯಾಂಕಿನಲ್ಲಿ ಪ್ರತ್ಯೇಕ ನಿಶ್ಚಿತ ಠೇವಣಿಯಾಗಿ ಇಡುತ್ತಿದ್ದೇನೆ. ಅವಧಿಗೆ ಮುನ್ನ ಮುರಿದರೆ ಬಡ್ಡಿ ಕೊಂಚ ಕಡಿಮೆಯಾಗುತ್ತದೆ, ಅಷ್ಟೇ. ದುರಸ್ತಿಗೆಂದು ಬಾಡಿಗೆಯಲ್ಲಿಯೇ ಹತ್ತರಲ್ಲೊಂದು ಪಾಲು ತೆಗೆದಿಡುತ್ತೇನೆ. ಅಡ್ವಾನ್ಸನ್ನೂ ಐದು ತಿಂಗಳಿಗೆ ಇಳಿಸಿದೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿದೆ. ನಾನಿನ್ನೂ ಅಲ್ಲಿಗೆ ಬಂದಿಲ್ಲ, ಬರಬೇಕೆಂದಿದೆ.

ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದ ಎಲ್ಲರಂತೆ ನಾನೂ 11 ತಿಂಗಳಿಗೆ ಬರೆಸುತ್ತೇನೆ. ಆದರೆ ಅಂಗಡಿಯವರು ಕೊಡುವ ಸಿದ್ಧ ನಮೂನೆಯಲ್ಲಿ ಅಡ್ವಾನ್ಸ್ ಯಾವ ದಿನ ಹಿಂದಿರುಗಬೇಕು, ಅದರಲ್ಲಿ ಏನೇನು ಮುರಿದುಕೊಳ್ಳಬಹುದು ಎಂಬುದು ಸ್ಪಷ್ಟವಾಗಿರಲಿಲ್ಲ. ಜಗಳವೆಲ್ಲ ಹುಟ್ಟುವುದು ಅಲ್ಲಿಯೇ. ಬೀಗದ ಕೈ ಒಪ್ಪಿಸಿದ ದಿನವೇ ಹಣ ಕೊಡತಕ್ಕದ್ದು, ಬಣ್ಣಕ್ಕೆ ಮುರಿದುಕೊಳ್ಳುವ ಮೊತ್ತ ಇಂತಿಷ್ಟೇ, ಮೂರು ವರ್ಷ ಇದ್ದವರಿಂದ ಬಣ್ಣದ ಬಾಬ್ತು ಏನೂ ಇಲ್ಲ ಎಂದು ಸೇರಿಸಿದೆ. ಗೋಡೆಯ ಬಣ್ಣ ಕಾಲಕ್ಕೆ ಮಾಸುತ್ತದೆ. ಆ ಖರ್ಚನ್ನು ಬಾಡಿಗೆದಾರರ ಮೇಲೆ ಹೊರಿಸುವುದು ಸರಿಯಲ್ಲವೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಬರುವ ದಿನವೂ ಹೋಗುವ ದಿನವೂ ಬಾಡಿಗೆದಾರರ ಜೊತೆಯಲ್ಲಿಯೇ ನಡೆದು ಸಿಂಕು, ನಲ್ಲಿ, ಕಿಟಕಿಯ ಗಾಜು, ವಿದ್ಯುತ್ ಮೀಟರಿನ ಅಂಕಿಗಳ ಫೋಟೊ ತೆಗೆಯುತ್ತೇವೆ. ಕೊನೆಯ ಕರೆಂಟ್ ಬಿಲ್ಲಿಗಾಗಿ ಹಣ ತಡೆಹಿಡಿಯುವ ರೂಢಿ ಇದರಿಂದ ತಪ್ಪಿತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ, ಹೋಗುವವರು ಆ ಮೀಟರಿನಿಂದ ತಮ್ಮ ಆಧಾರ್ ಜೋಡಣೆಯನ್ನು ತೆಗೆಸಿದರೇ ಎಂದೂ ನೋಡಿಕೊಳ್ಳುತ್ತೇನೆ.

ಕಳೆದ ಆಷಾಢದಲ್ಲಿ ಒಂದು ಮನೆ ಐದು ವಾರ ಖಾಲಿಯಿತ್ತು. ಹೋದವರ ಹಣ, ಅವರು ಬೀಗದ ಕೈ ಕೊಟ್ಟ ಸಂಜೆಯೇ ಅವರ ಖಾತೆಗೆ ಜಮೆಯಾಗಿತ್ತು.