ಮಳೆಗೊಂದು ದಾರಿ, ಬಿಸಿಲಿಗೊಂದು ದಾರಿ: ಹತ್ತಿರದ ಚಾರಣಕ್ಕೆ ಜಾಗ ಆರಿಸುವ ಬಗೆ

ಹತ್ತಿರದ ಬೆಟ್ಟಕ್ಕೆ ಹೋಗಿಬರುವವರು ಸಾಮಾನ್ಯವಾಗಿ ಮೊದಲು ಜಾಗ ಗೊತ್ತುಮಾಡಿಕೊಳ್ಳುತ್ತಾರೆ, ಆಮೇಲೆ ರಜೆ ಹೊಂದಿಸುತ್ತಾರೆ, ಹವೆ ನೋಡುವುದು ಹೊರಡುವ ಹಿಂದಿನ ರಾತ್ರಿ. ಈ ಕ್ರಮ ತಲೆಕೆಳಗಾಗಬೇಕು. ಒಂದೇ ಕಾಲುದಾರಿ ಮಳೆಯಲ್ಲಿ ಒಂದು ಕಡೆ ಕೈಕೊಡುತ್ತದೆ, ಬೇಸಿಗೆಯಲ್ಲಿ ಇನ್ನೊಂದು ಕಡೆ. ಮಳೆಯಲ್ಲಾದರೆ ಅಡ್ಡ ಬರುವ ಹಳ್ಳ, ಬೇಸಿಗೆಯಲ್ಲಾದರೆ ನೆರಳಿಲ್ಲದ ಕೊನೆಯ ಏರು, ಚಳಿಗಾಲದಲ್ಲಾದರೆ ಇಳಿಯುವ ಹೊತ್ತಿನ ಕತ್ತಲೆ. ಹಾಗಾಗಿ ಯಾವ ದಾರಿಯ ಬಗ್ಗೆಯೂ ಮೊದಲು ಕೇಳಿಕೊಳ್ಳಬೇಕಾದ್ದು ಇದು: ಈ ತಿಂಗಳಲ್ಲಿ ಇದರ ಅತಿ ಕೆಟ್ಟ ಜಾಗ ಯಾವುದು, ಅಲ್ಲಿಗೆ ನಾವು ಯಾವ ಹೊತ್ತಿಗೆ ತಲುಪುತ್ತೇವೆ?

ನಕ್ಷೆಯಲ್ಲಿ ನೋಡಬೇಕಾದ್ದು

ಕಾಂಟೂರ್ ಗೆರೆಗಳಿರುವ, ಅಂದರೆ ಸಮಾನ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿರುವ ನಕ್ಷೆ ಬೇಕು. ಮೊಬೈಲಿನಲ್ಲಿ ಸಿಗುವುದೂ ಆಗುತ್ತದೆ. ಒಟ್ಟು ಎಷ್ಟು ಮೀಟರ್ ಏರು, ದಾರಿ ಎಷ್ಟು ಕಡೆ ಹಳ್ಳ ದಾಟುತ್ತದೆ, ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ, ನೆರಳು ಎಲ್ಲಿ ಮುಗಿಯುತ್ತದೆ, ಅರ್ಧದಲ್ಲಿ ಇಳಿದುಬಿಡಲು ಬೇರೆ ದಾರಿ ಇದೆಯೇ ಎಂಬುದನ್ನು ಗುರುತು ಹಾಕಿಕೊಳ್ಳಿ.

1:50,000 ಅಳತೆಯ ನಕ್ಷೆಯಲ್ಲಿ 1 ಸೆಂ.ಮೀ. ಎಂದರೆ ನೆಲದ ಮೇಲೆ 500 ಮೀಟರ್. ಗೆರೆಯಿಂದ ಗೆರೆಗೆ 20 ಮೀಟರ್ ಎತ್ತರವಿದ್ದು, ಆ ಒಂದು ಸೆಂಟಿಮೀಟರಿನಲ್ಲಿ ದಾರಿ ಐದು ಗೆರೆ ಏರಿದರೆ ಸುಮಾರು 11 ಡಿಗ್ರಿ ಇಳಿಜಾರು, ನಿಧಾನಕ್ಕೆ ಹತ್ತಬಹುದು. ಹತ್ತು ಗೆರೆ ಏರಿದರೆ 22 ಡಿಗ್ರಿ. ಒದ್ದೆ ಮಣ್ಣಿನಲ್ಲಿ ಇಂಥ ಜಾಗ ಹತ್ತುವಾಗಿಗಿಂತ ಇಳಿಯುವಾಗ ಹೆಚ್ಚು ಕಾಡುತ್ತದೆ.

ಹೊತ್ತಿನ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಸಾಕು: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿ.ಮೀ. ದಾರಿ, 600 ಮೀಟರ್ ಏರು ಎಂದರೆ ಸುಮಾರು 3 ಗಂಟೆ 25 ನಿಮಿಷ. ಇದು ಗಟ್ಟಿ ನೆಲದಲ್ಲಿ, ಕೂರದೆ ನಡೆಯುವ ಗಟ್ಟಿಗರ ಲೆಕ್ಕ. ಗುಂಪಿನಲ್ಲಿ ಹೋಗುವಾಗ ಮೂರರಲ್ಲೊಂದು ಪಾಲು ಸೇರಿಸಿ, ಕೆಸರಿದ್ದರೆ ಅರ್ಧಪಾಲು. ಸಾಮಾನ್ಯವಾಗಿ ಲೆಕ್ಕ ತಪ್ಪುವುದು ದೂರದಲ್ಲಲ್ಲ, ಏರಿನಲ್ಲಿ. "ಬರೀ ಎಂಟು ಕಿಲೋಮೀಟರ್" ಎಂದು ಹೊರಟವರು 900 ಮೀಟರ್ ಏರನ್ನು ನೋಡಿರುವುದಿಲ್ಲ.

ಉಪಗ್ರಹದ ಚಿತ್ರ ನೋಡಿ ನೆರಳು ಲೆಕ್ಕ ಹಾಕುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಆ ಚಿತ್ರ ಮಳೆ ಮುಗಿದ ಮೇಲೆ ತೆಗೆದದ್ದಾದರೆ ಎಲೆಯುದುರುವ ಕಾಡೂ ದಟ್ಟ ಹಸಿರಾಗಿ ಕಾಣುತ್ತದೆ. ಒಣ ತಿಂಗಳಲ್ಲಿ ಅಲ್ಲಿಗೆ ಹೋದರೆ ತಲೆಯ ಮೇಲೆ ಬೋಳು ಕೊಂಬೆಗಳಷ್ಟೇ ಇರುತ್ತವೆ. ಚಿತ್ರದ ತಿಂಗಳು ನೋಡಿಯೇ ನಂಬಿ.

ಮಳೆಗಾಲ: ಹಳ್ಳ ದಾಟದ ದಾರಿ

ಮಳೆಯಲ್ಲಿ ಜಾಗ ಆರಿಸುವುದೆಂದರೆ ಮುಕ್ಕಾಲು ಪಾಲು ನೀರಿನ ಲೆಕ್ಕವೇ. ಹೋದ ದಾರಿಯಲ್ಲೇ ಮರಳಬೇಕಾದ, ಮಧ್ಯೆ ಹಳ್ಳವಿರುವ ದಾರಿಯನ್ನು ಪಟ್ಟಿಯಿಂದ ತೆಗೆದುಹಾಕಿ. ಬೆಳಗ್ಗೆ ಕಣಕಾಲು ಮಟ್ಟಕ್ಕಿದ್ದ ನೀರು ಮಧ್ಯಾಹ್ನಕ್ಕೆ ತೊಡೆ ಮುಟ್ಟಿದರೆ ನೀವು ಆಚೆ ದಡದಲ್ಲೇ ಉಳಿಯುತ್ತೀರಿ. ಸೇತುವೆಯಿರುವ ದಾರಿ, ಅಥವಾ ಹಳ್ಳಗಳು ಹುಟ್ಟುವುದಕ್ಕೂ ಮೇಲೆ ಹಾಯುವ ಅಗಲವಾದ, ಕಾಡಿರುವ ದಿಣ್ಣೆ ಆರಿಸಿ.

ಮಳೆ ನಿಮ್ಮ ತಲೆಯ ಮೇಲೆಯೇ ಬೀಳಬೇಕೆಂದಿಲ್ಲ. ಮೇಲಿನ ಕಣಿವೆಯಲ್ಲಿ ಬಿದ್ದರೂ ನೀರು ಇಲ್ಲಿಗೆ ಬರುತ್ತದೆ. ತಿಳಿಯಾಗಿದ್ದ ಹಳ್ಳ ಕೆಂಪಗೋ ಕಂದಾಗೋ ತಿರುಗಿದರೆ, ಕಡ್ಡಿ ಕಸ ತೇಲಿಬರಲು ಶುರುವಾದರೆ, ಸದ್ದು ಗಡುಸಾದರೆ ಏರುತ್ತಿದೆ ಎಂದೇ ಅರ್ಥ. ಅನುಮಾನವಿದ್ದರೆ ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ಚುಚ್ಚಿ ಹತ್ತು ನಿಮಿಷ ಕೂತು ನೋಡಿ. ಕಡ್ಡಿಯ ಬುಡ ಮುಳುಗಿದರೆ ದಾಟುವ ಮಾತು ಬೇಡ. ದಾಟಲೇಬೇಕಾದಾಗಲೂ ಹರಿಯುವ ನೀರು ಮೊಣಕಾಲು ಮೀರಿದ್ದರೆ ಇಳಿಯಬೇಡಿ. ಹರಿವಿನ ವೇಗ ಎರಡು ಪಟ್ಟಾದರೆ ಕಾಲಿಗೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಕಣ್ಣಿಗೆ ಅಷ್ಟು ಗೊತ್ತಾಗುವುದಿಲ್ಲ. ಇಳಿಯುವ ಮುನ್ನ ಬೆನ್ನುಚೀಲದ ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿ. ಬಿದ್ದರೆ ಚೀಲ ಕಳಚಿಕೊಳ್ಳಲು ಬರಬೇಕು.

ಜಾರುವ ನೆಲದಲ್ಲೂ ತರತಮವಿದೆ. ಒರಟು ಬಂಡೆ ಬರಿಗಲ್ಲಾಗಿದ್ದರೆ ಒದ್ದೆಯಲ್ಲೂ ಕಾಲು ಹಿಡಿಯುತ್ತದೆ; ಅದೇ ಬಂಡೆಯ ಮೇಲೆ ಕಪ್ಪು ಪಾಚಿ ಕಟ್ಟಿದ್ದರೆ ಗಾಜಿನ ಹಾಗೆ. ಜೇಡಿಮಣ್ಣು ಬೂಟಿನ ಅಡಿಗೆ ಮೆತ್ತಿಕೊಂಡು ಹಿಡಿತದ ಗೀರುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಹತ್ತು ಹೆಜ್ಜೆಗೊಮ್ಮೆ ಅಡಿಯನ್ನು ಕಲ್ಲಿಗೆ ಉಜ್ಜಬೇಕಾಗಿ ಬಂದರೆ ಇಳಿಯುವಾಗ ಇದು ಇನ್ನೂ ಕಷ್ಟವಾಗುತ್ತದೆ. ಅಲ್ಲೇ ಹಿಂದಿರುಗುವುದು ಒಳ್ಳೆಯದು. ದಾರಿಗೆ ಅಡ್ಡ ಹಾಯ್ದ ಬೇರುಗಳ ಮೇಲೆ ಕಾಲಿಡಬೇಡಿ, ದಾಟಿ ಹೆಜ್ಜೆ ಹಾಕಿ.

ಸಿಡಿಲಿನ ವಿಷಯದಲ್ಲಿ ರಾಜಿ ಬೇಡ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿ.ಮೀ. ಮೂವತ್ತಕ್ಕಿಂತ ಮೊದಲೇ ಗುಡುಗಿದರೆ ಸಿಡಿಲು 10 ಕಿ.ಮೀ. ಒಳಗಿದೆ; ಬೋಳು ನೆತ್ತಿ, ದಿಣ್ಣೆಯ ಬೆನ್ನು, ಒಂಟಿ ಮರ ಬಿಟ್ಟು ಕೆಳಗಿಳಿಯಿರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಮತ್ತೆ ಮೇಲೇರಬಾರದು. ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರ ಕಟ್ಟುವುದರಿಂದ ಅಂಥ ತಿಂಗಳುಗಳಲ್ಲಿ ನೆತ್ತಿಯ ದಾರಿಯನ್ನು ಬೆಳಗ್ಗೆಯೇ ಮುಗಿಸಬೇಕು.

ಇಂಬಳ ಹಿಡಿದರೆ ಗಾಬರಿಯಿಲ್ಲ. ಉಗುರಂಚಿನಿಂದ ಅದರ ಬಾಯಿಯ ಬುಡದಲ್ಲಿ ಸರಿಸಿದರೆ ಬಿಟ್ಟುಕೊಳ್ಳುತ್ತದೆ.

ಮಳೆ ನಿಂತ ಮೇಲೆ

ನೋಡಲು ಅತಿ ಚೆಂದದ ಕಾಲ ಇದೇ, ದಾರಿ ತಪ್ಪುವುದೂ ಈಗಲೇ ಹೆಚ್ಚು. ಸೊಂಟದೆತ್ತರದ ಹುಲ್ಲು ಕಾಲುದಾರಿಯನ್ನು ಮುಚ್ಚಿರುತ್ತದೆ, ದನದ ದಾರಿಯೂ ನಡೆದಾರಿಯೂ ಒಂದೇ ತರ ಕಾಣುತ್ತವೆ. ಜನ ಓಡಾಡುವ, ಗುರುತು ಸ್ಪಷ್ಟವಿರುವ ದಾರಿಯನ್ನೇ ಈ ಕಾಲಕ್ಕೆ ಇಟ್ಟುಕೊಳ್ಳಿ. ಹುಲ್ಲುಗಾವಲಿನ ಅಜ್ಞಾತ ದಾರಿಗಳನ್ನು ಹುಲ್ಲು ಒಣಗಿ ಮಲಗುವವರೆಗೆ ಮುಂದೂಡಿ. ಹುಲ್ಲಿನಲ್ಲಿ ಉಣ್ಣೆಗಳೂ ಇರುತ್ತವೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಕ್ಕೆ ಸಿಕ್ಕಿಸಿ. ಮನೆಗೆ ಬಂದ ಮೇಲೆ ಕಂಕುಳು, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ಅಂಟಿದ ಹಾಗೆ ಹಿಡಿದು, ತಿರುಚದೆ ನೇರ ಎಳೆಯಬೇಕು. ಸುಡುವುದು, ಎಣ್ಣೆ ಹಚ್ಚುವುದು ಬೇಡ. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಉಣ್ಣೆ ಕಚ್ಚಿದ್ದನ್ನು ವೈದ್ಯರಿಗೆ ಹೇಳಿ.

ಚಳಿಗಾಲ: ಬೆಳಕಿನ ಲೆಕ್ಕ

ಈಗ ನೆಲ ಗಟ್ಟಿ, ಗಾಳಿ ತಿಳಿ. ಉದ್ದದ ದಾರಿಗಳಿಗೆ ಇದೇ ಸರಿಯಾದ ಸಮಯ, ಆದರೆ ಹಗಲು ಚಿಕ್ಕದು. ಸೂರ್ಯ ಮುಳುಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ: ಮುಳುಗುವುದು 6 ಗಂಟೆಗೆ, ಇಳಿಯಲು ಎರಡು ಗಂಟೆ ಬೇಕು, ಒಂದು ಗಂಟೆ ಕೈಯಲ್ಲಿಟ್ಟುಕೊಳ್ಳಬೇಕು ಎಂದಾದರೆ ನೆತ್ತಿ ಮುಟ್ಟಿರಲಿ ಬಿಡಲಿ 3 ಗಂಟೆಗೆ ತಿರುಗಿ ಹೊರಡಬೇಕು. ಈ ಹೊತ್ತನ್ನು ಹೊರಡುವ ಮೊದಲೇ ಎಲ್ಲರಿಗೂ ಹೇಳಿಬಿಡಿ. ಮೇಲೆ ಹೋದಮೇಲೆ "ಇನ್ನೇನು ಬಂತು" ಎನ್ನುವವರು ಇದ್ದೇ ಇರುತ್ತಾರೆ.

ಎತ್ತರ 1,000 ಮೀಟರ್ ಹೆಚ್ಚಿದಂತೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆದರೆ ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿಯ ಮರುದಿನ ಬೆಳಗ್ಗೆ ಇದು ಉಲ್ಟಾ ಆಗುತ್ತದೆ: ತಂಪಾದ ಭಾರದ ಗಾಳಿ ಕಣಿವೆಯ ತಳಕ್ಕೆ ಜಾರಿ ಅಲ್ಲಿ ಮಂಜು ಕಟ್ಟುತ್ತದೆ, ಇಳಿಜಾರಿನ ನಡುಭಾಗ ಬೆಚ್ಚಗಿರುತ್ತದೆ. ಹಾಗಾಗಿ ಬೆಳಗಿನ ಮೊದಲ ಗಂಟೆಗಳಿಗೆ ಕಣಿವೆಯ ದಾರಿಗಿಂತ ನಡುಬೆಟ್ಟದ ದಾರಿ ಮೇಲು. ಉತ್ತರಾರ್ಧ ಗೋಳದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಚಳಿಗಾಲದಲ್ಲಿ ಹೆಚ್ಚು ಬಿಸಿಲು ಪಡೆಯುತ್ತದೆ, ದಕ್ಷಿಣಾರ್ಧದಲ್ಲಿ ಉತ್ತರದ್ದು. ಹತ್ತುವಾಗ ಬೆವರುವಷ್ಟು ಬಟ್ಟೆ ತೊಟ್ಟಿರಬೇಡಿ. ಹತ್ತಿಯಂಗಿ ಬೆವರಲ್ಲಿ ನೆಂದು ನೆತ್ತಿಯ ಗಾಳಿಗೆ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ.

ಹಿಮ ಬೀಳುವ ಕಡೆ 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ ಹಿಮಕುಸಿತ ಹೆಚ್ಚು. ಆ ಇಳಿಜಾರಿನ ಮೇಲಷ್ಟೇ ಅಲ್ಲ, ಅದರ ಕೆಳಗೆ ಹಾಯುವ ದಾರಿಯನ್ನೂ ಬಿಡಬೇಕು.

ಬೇಸಿಗೆ: ಏರು ಮೊದಲು, ನೆರಳು ಆಮೇಲೆ

ಬೇಸಿಗೆಗೆ ಚಿಕ್ಕ ದಾರಿ, ಅದೂ ಬೋಳು ಭಾಗ ಆರಂಭದಲ್ಲೂ ನೆರಳಿನ ಭಾಗ ಕೊನೆಯಲ್ಲೂ ಬರುವಂಥದ್ದು. ಸುತ್ತುದಾರಿಯಾದರೆ ಯಾವ ಕಡೆಯಿಂದ ಶುರುಮಾಡಬೇಕೆಂಬುದನ್ನು ಇದೇ ತೀರ್ಮಾನಿಸುತ್ತದೆ. ಪಶ್ಚಿಮದ ಇಳಿಜಾರು ಬೆಳಗ್ಗೆ ಬೆಟ್ಟದ ನೆರಳಲ್ಲೇ ಇರುತ್ತದೆ, ಮಧ್ಯಾಹ್ನ ಕಾದ ಹಂಚಾಗುತ್ತದೆ. ನಸುಕಿನಲ್ಲಿ ಹೊರಟು ಹತ್ತು ಗಂಟೆಯೊಳಗೆ ಏರು ಮುಗಿಯದ ದಾರಿಯನ್ನು ಈ ಕಾಲಕ್ಕೆ ಇಟ್ಟುಕೊಳ್ಳಬೇಡಿ.

ನೀರು ತಂಪು ಹೊತ್ತಿನಲ್ಲಿ ಗಂಟೆಗೆ ಅರ್ಧ ಲೀಟರ್, ಬಿಸಿಲಲ್ಲಿ ಹತ್ತುವಾಗ ಒಂದು ಲೀಟರ್‌ವರೆಗೂ ಬೇಕು. ಐದು ಗಂಟೆಗೆ ನಾಲ್ಕು ಲೀಟರ್, ಅಂದರೆ ಬೆನ್ನ ಮೇಲೆ ನಾಲ್ಕು ಕೆ.ಜಿ. ನಕ್ಷೆಯಲ್ಲಿರುವ ತೊರೆಯನ್ನು ನಂಬಿ ಕಡಿಮೆ ಒಯ್ಯಬೇಡಿ. ನೀಲಿ ಗೆರೆಗಳಲ್ಲಿ ಎಷ್ಟೋ ಬೇಸಿಗೆಗೆ ಬತ್ತಿರುತ್ತವೆ. ಬರೀ ನೀರನ್ನೇ ಗಂಟೆಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆನೋವು, ವಾಕರಿಕೆ ಬರುತ್ತದೆ. ಉಪ್ಪಿರುವ ತಿನಿಸೋ ಓಆರ್‌ಎಸ್ಸೋ ಜೊತೆಗಿರಲಿ. ಜೊತೆಯವರ ಮಾತು ತೊದಲಿದರೆ, ಹೇಳಿದ್ದು ಅರ್ಥವಾಗದೆ ಮಂಕಾದರೆ ಅದು ಬರೀ ದಣಿವಲ್ಲ, ಬಿಸಿಲ ಹೊಡೆತ. ನೆರಳಿಗೆ ಒಯ್ದು, ಇದ್ದ ನೀರನ್ನೆಲ್ಲ ಮೈಮೇಲೆ ಸುರಿದು ಬೀಸಿ ತಣಿಸುತ್ತಾ ಸಹಾಯಕ್ಕೆ ಕರೆಯಿರಿ.

ಒಣಹುಲ್ಲಿನ ಬೆಟ್ಟದಲ್ಲಿ ಹೊಗೆ ಕಂಡರೆ ಮೇಲಕ್ಕೆ ಓಡಬೇಡಿ. ಇಳಿಜಾರು 10 ಡಿಗ್ರಿ ಹೆಚ್ಚಿದಂತೆ ಮೇಲೇರುವ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಪಕ್ಕಕ್ಕೆ ಸರಿದು, ಬಂಡೆಹಾಸು ಅಥವಾ ಈಗಾಗಲೇ ಸುಟ್ಟು ಕರಿಯಾದ ನೆಲದತ್ತ ಸಾಗಿ.

ನಿಮ್ಮದೇ ಪಟ್ಟಿ

ಮನೆಯಿಂದ ಅರ್ಧ ದಿನದೊಳಗೆ ಹೋಗಿಬರಬಹುದಾದ ಎಂಟು ಹತ್ತು ದಾರಿ ಇಟ್ಟುಕೊಂಡು ಪ್ರತಿಯೊಂದನ್ನೂ ಕನಿಷ್ಠ ಎರಡು ಋತುವಿನಲ್ಲಿ ನಡೆಯಿರಿ. ಬಂದ ದಿನವೇ ನಾಲ್ಕು ಸಾಲು ಬರೆದಿಡಿ: ತಾರೀಖು, ಹತ್ತಲು ಇಳಿಯಲು ಹಿಡಿದ ಹೊತ್ತು, ಹಳ್ಳದಲ್ಲಿ ನೀರು ಯಾವ ಕಲ್ಲಿನವರೆಗೆ ಇತ್ತು, ನೆರಳು ಎಲ್ಲಿ ತಪ್ಪಿತು. ದಾರಿಯಲ್ಲಿ ಕುಸಿತ ಕಂಡಿದ್ದರೆ ಅದನ್ನೂ ಸೇರಿಸಿ, ಮುಂದಿನ ಮಳೆಗೆ ಅದು ಇನ್ನಷ್ಟು ಅಗಲವಾಗಿರುತ್ತದೆ.