ಚಿರತೆ ಎಣಿಸೋದು ಅಂದ್ರೆ ಫೋಟೋ ಎಣಿಸೋದಲ್ಲ

ಚಿರತೆ ಸರ್ವೆ ಮಾಡ್ತೀನಿ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ, ಎಷ್ಟು ಸಿಕ್ಕಿದ್ವು? ಕ್ಯಾಮೆರಾಗೆ ಎಷ್ಟು ಸಿಕ್ಕಿದ್ವು ಅಂತ ಯಾರು ಬೇಕಾದ್ರೂ ಹೇಳ್ತಾರೆ, ಗುಡ್ಡದಲ್ಲಿ ಎಷ್ಟಿದಾವೆ ಅಂತ ಹೇಳೋಕೇ ಇಷ್ಟೆಲ್ಲಾ ಒದ್ದಾಟ. 20 ಬೇರೆ ಬೇರೆ ಚಿರತೆ ಫೋಟೋಗೆ ಬಿದ್ದಿವೆ ಅನ್ಕೊಳ್ಳಿ, ಒಂದೊಂದೂ ಬೀಳೋ ಚಾನ್ಸ್ ಅರ್ಧ ಅಂದ್ರೆ ಇರೋದು 40ರ ಆಸುಪಾಸು, ಮುಕ್ಕಾಲು ಅಂದ್ರೆ 27. ಆ ಚಾನ್ಸ್ ಎಷ್ಟು ಅಂತ ಕಂಡುಹಿಡಿಯೋದೇ ಅಸಲಿ ಕೆಲಸ, ಉಳಿದದ್ದು ಬರೀ ಭಾಗಾಕಾರ.

ಈ ವಿದ್ಯೆ ನಮ್ಮಲ್ಲಿ ಬೇರು ಬಿಟ್ಟಿದ್ದು ನಾಗರಹೊಳೆಯಲ್ಲಿ. ಅದಕ್ಕೂ ಮುಂಚೆ ಹುಲಿ ಹೆಜ್ಜೆ ಮೇಲೆ ಗಾಜಿಟ್ಟು ಗೆರೆ ಎಳೆದು, ಇದು ಈ ಹುಲಿದು ಅದು ಆ ಹುಲಿದು ಅಂತ ಲೆಕ್ಕ ಹಾಕ್ತಿದ್ರು. 1990ರ ದಶಕದಲ್ಲಿ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್, ಅಂದ್ರೆ ಪ್ರಾಣಿ ಮುಂದೆ ಹಾದ್ರೆ ತಾನೇ ಫೋಟೋ ತೆಗೆಯೋ ಕ್ಯಾಮೆರಾ ಇಟ್ಟು, ಪಟ್ಟೆ ನೋಡಿ ಒಂದೊಂದು ಹುಲಿನೂ ಗುರುತು ಹಿಡಿದು, ಮತ್ತೆ ಮತ್ತೆ ಸಿಗೋ ಲೆಕ್ಕದಿಂದ ಸಿಗದೇ ಇರೋವನ್ನೂ ಅಂದಾಜು ಮಾಡೋ ದಾರಿ ಹಾಕಿದ್ರು. ನಾವು ಮಾಡೋದೂ ಅದರ ಮುಂದಿನ ರೂಪವೇ, ಪಟ್ಟೆ ಬದಲು ಚುಕ್ಕೆ.

ನಮ್ಮ ಜಾಗ ತುಮಕೂರು ಕಡೆ ಕಲ್ಲುಗುಡ್ಡ, ಕುರುಚಲು ಕಾಡು, ಸುತ್ತ ರಾಗಿ ಹೊಲ, ಊರು. ಅರಣ್ಯ ಇಲಾಖೆ ಪರ್ಮಿಷನ್ ಆದಮೇಲೆ ಮ್ಯಾಪ್ ಮೇಲೆ ಚೌಕ ಹಾಕ್ಕೊಂಡು ಹೋದ್ವಿ, ಆದ್ರೆ ಚೌಕದ ಒಳಗೆ ಕ್ಯಾಮೆರಾ ಎಲ್ಲಿ ಅನ್ನೋದನ್ನ ಜಿಪಿಎಸ್ ಹೇಳಲ್ಲ, ವಾಚರ್ ಹೇಳ್ತಾರೆ. ಒಂದು ಕಡೆ ಅಗಲವಾದ ಬಂಡಿದಾರಿ ನೋಡಿ ನಾನು ಅಲ್ಲೇ ಕಟ್ಟೋಣ ಅಂದೆ. ‘ಇಲ್ಲಿ ಬ್ಯಾಡ ಸಾರ್, ದಿನಾ ಕುರಿ ಬತ್ತವೆ, ನಿಮ್ ಕಾರ್ಡೆಲ್ಲ ಕುರಿನೇ ತುಂಬ್ಕತ್ತದೆ’ ಅಂದ್ರು ವಾಚರಣ್ಣ, ನೂರು ಹೆಜ್ಜೆ ಮೇಲಕ್ಕೆ ಕರ್ಕೊಂಡು ಹೋಗಿ ಎರಡು ಬಂಡೆ ಮಧ್ಯದ ಜಾಡು ತೋರಿಸಿದ್ರು, ಒಣಗಿದ ಹಿಕ್ಕೆ, ಅದರಲ್ಲಿ ಕೂದಲು. ಅಲ್ಲೇ ಕಟ್ಟಿದ್ವಿ, ಮೊಣಕಾಲಿನ ಎತ್ತರಕ್ಕೆ, ಎದುರುಬದುರು ಎರಡು. ಒಳ್ಳೆ ಜಾಗ ಆರಿಸ್ಕೊಂಡ್ರೆ ಲೆಕ್ಕ ಕೆಡಲ್ವಾ ಅಂತ ಸ್ಟ್ಯಾಟಿಸ್ಟಿಕ್ಸ್ ಓದಿದೋರು ಕೇಳ್ತಾರೆ. ನಾವು ಬಳಸೋ ಲೆಕ್ಕದ ಮಾಡೆಲ್‌ಗೆ ಚಿರತೆ ಸಿಗೋ ಕಡೆ ಕ್ಯಾಮೆರಾ ಇಟ್ರೆ ತೊಂದರೆ ಇಲ್ಲ, ಆದ್ರೆ ಮಧ್ಯದಲ್ಲಿ ಒಂದು ಚಿರತೆ ಇಡೀ ಓಡಾಡೋ ಜಾಗನೇ ತಪ್ಪಿಹೋಗೋ ಅಷ್ಟು ದೊಡ್ಡ ಖಾಲಿ ಬಿಡಬಾರದು.

ಎರಡು ಕ್ಯಾಮೆರಾ ಯಾಕೆ ಅಂದ್ರೆ ಎಡಗಡೆ ಚುಕ್ಕೆ ಬೇರೆ, ಬಲಗಡೆ ಚುಕ್ಕೆ ಬೇರೆ. ಒಂದೇ ಕಡೆದು ಸಿಕ್ರೆ ಈ ಎಡಗಡೆ ಚಿರತೆ, ಆ ಬಲಗಡೆ ಚಿರತೆ ಒಂದೇನಾ ಎರಡಾ ಗೊತ್ತಾಗಲ್ಲ, ಆಗ ಎರಡೂ ಬದಿ ಸಿಕ್ಕಿರೋವನ್ನ ಇಟ್ಕೊಂಡು, ಒಂಟಿ ಬದಿ ಫೋಟೋಗಳಲ್ಲಿ ಜಾಸ್ತಿ ಇರೋ ಬದಿನ ಸೇರಿಸ್ಕೊಂಡು ಇನ್ನೊಂದನ್ನ ಬಿಡ್ತೀವಿ, ಬೇಜಾರಾಗತ್ತೆ ಆದ್ರೂ ಬಿಡ್ಲೇಬೇಕು. ಮ್ಯಾಚಿಂಗ್‌ಗೆ ಸಾಫ್ಟ್‌ವೇರ್ ಇದೆ, ಆದ್ರೆ ಕೊನೇ ಮಾತು ಕಣ್ಣಿಂದೇ. ನಾನು ಮೊದಲು ನೋಡೋದು ಪಕ್ಕೆ ಮೇಲಿನ ಚುಕ್ಕೆ, ಆಮೇಲೆ ತೊಡೆ. ಇಬ್ಬರು ಬೇರೆ ಬೇರೆ ಕೂತು ನೋಡಿ ಇಬ್ಬರದೂ ತಾಳೆ ಆದ್ರೆ ಮಾತ್ರ ಹೆಸರು ಕೊಡೋದು. ಮರಿಗಳನ್ನ ಲೆಕ್ಕಕ್ಕೆ ಹಿಡಿಯಲ್ಲ.

ಈಗ ಮಾಡೆಲ್. ಸ್ಪೇಷಿಯಲ್ ಕ್ಯಾಪ್ಚರ್ ರೀಕ್ಯಾಪ್ಚರ್ ಅಂತಾರೆ, ಆರ್ ಅನ್ನೋ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್‌ನಲ್ಲಿ ಎಸ್‌ಇಸಿಆರ್ ಅನ್ನೋ ಪ್ಯಾಕೇಜ್, ಫ್ರೀ. ಐಡಿಯಾ ಇಷ್ಟೇ, ಪ್ರತಿ ಚಿರತೆಗೂ ಓಡಾಟದ ಒಂದು ಕೇಂದ್ರ ಇದೆ, ಎಲ್ಲಿ ಅಂತ ನಮಗೆ ಗೊತ್ತಿಲ್ಲ, ಆ ಕೇಂದ್ರದಿಂದ ಕ್ಯಾಮೆರಾ ದೂರ ಆದಷ್ಟೂ ಸಿಗೋ ಚಾನ್ಸ್ ಇಳಿಯತ್ತೆ. ಎಷ್ಟು ಬೇಗ ಇಳಿಯತ್ತೆ ಅನ್ನೋದಕ್ಕೆ ಸಿಗ್ಮಾ ಅಂತ ಒಂದು ದೂರದ ಅಳತೆ. ಕ್ಯಾಮೆರಾ ಕೇಂದ್ರದಲ್ಲೇ ಇದ್ರೆ ರಾತ್ರಿಗೆ ಸಿಗೋ ಚಾನ್ಸ್ 10% ಅನ್ಕೊಳ್ಳಿ, 40 ರಾತ್ರಿ ಇಟ್ರೆ ಒಂದು ಸಲನಾದ್ರೂ ಸಿಗೋದು 98% ಮೇಲೆ. ಅದೇ ಕ್ಯಾಮೆರಾ ಎರಡು ಸಿಗ್ಮಾ ದೂರ ಇದ್ರೆ ಅದೇ 40 ರಾತ್ರಿಗೆ 42%, ಮೂರು ಸಿಗ್ಮಾ ಆದ್ರೆ ಬರೀ 4%. ಅಂದ್ರೆ ಅಂಚಿನಲ್ಲಿ ಒಂದೇ ಸಲ ಬಂದ ಚಿರತೆ ಹೊರಗಿನದಾ ಒಳಗಿನದಾ ಅಂತ ನಾವು ಜಗಳ ಆಡ್ಬೇಕಾಗಿಲ್ಲ, ಲೆಕ್ಕದ ಒಳಗೇ ಆ ಅನುಮಾನಕ್ಕೂ ಜಾಗ ಇದೆ. ಹಳೇ ವಿಧಾನದಲ್ಲಿ ಕ್ಯಾಮೆರಾ ಸುತ್ತ ಇಷ್ಟು ಕಿಲೋಮೀಟರ್ ಪಟ್ಟಿ ಅಂತ ಸೇರಿಸಿ ಭಾಗಿಸ್ತಿದ್ರು, ಪಟ್ಟಿ ಅಗಲ ಮಾಡಿದ್ರೆ ಚಿರತೆ ಸಾಂದ್ರತೆ ಇಳಿಯೋದು, ಕಿರಿದು ಮಾಡಿದ್ರೆ ಏರೋದು.

ಸಿಗ್ಮಾ ಬರೋದು ಒಂದೇ ಚಿರತೆ ಬೇರೆ ಬೇರೆ ಕ್ಯಾಮೆರಾಗಳಲ್ಲಿ ಸಿಕ್ಕಾಗ. ಒಂದೇ ಕ್ಯಾಮೆರಾ ಮುಂದೆ ದಿನಾ ಬಂದು ಪೋಸ್ ಕೊಡೋ ಚಿರತೆ ಫೇಸ್‌ಬುಕ್‌ಗೆ ಚೆನ್ನ, ಸಿಗ್ಮಾಗೆ ಅದರಿಂದ ಸಿಗೋದು ಕಡಿಮೆ. ಕತ್ತಿಗೆ ರೇಡಿಯೋ ಕಾಲರ್ ಹಾಕದೇನೇ ಓಡಾಟದ ಹರವು ಎಷ್ಟು ಅಂತ ತಿಳಿಯೋ ದಾರಿ ಇದು, ಸಿಗ್ಮಾ 1.5 ಕಿ.ಮೀ. ಅಂತ ಬಂದ್ರೆ ಸುಮಾರು 3.7 ಕಿ.ಮೀ. ತ್ರಿಜ್ಯದ ಒಳಗೆ ಅದರ 95% ಓಡಾಟ. ಗಂಡು ಹೆಣ್ಣಿಗಿಂತ ದೂರ ದೂರ ಸುತ್ತತ್ತೆ, ಅದಕ್ಕೆ ಎರಡಕ್ಕೂ ಬೇರೆ ಸಿಗ್ಮಾ ಕೊಡೋದು ವಾಸಿ. ಇನ್ನು ಮಾಸ್ಕ್, ಅಂದ್ರೆ ಕೇಂದ್ರ ಎಲ್ಲೆಲ್ಲಿ ಇರಬಹುದು ಅನ್ನೋ ನಕ್ಷೆ. ಕೆರೆ ಮಧ್ಯ, ಟೌನ್ ಮಧ್ಯ ತೆಗೆದುಹಾಕಿದ್ವಿ, ಹೊಲಗಳನ್ನ ತೆಗೆಯಲಿಲ್ಲ, ಬೆಳೆ ಎತ್ತರ ಬಂದಾಗ ಅಲ್ಲೂ ಮಲಗತ್ತೆ ಅಂತ ಊರೋರು ಹೇಳ್ತಾರೆ, ನಾನು ನಂಬ್ತೀನಿ.

ಹೊಸದಾಗಿ ಮಾಡೋ ಹುಡುಗ ಹುಡುಗೀರಿಗೆ ನಾನು ತಲೆ ತಿನ್ನೋದು ಒಂದೇ ವಿಷಯಕ್ಕೆ, ಲಾಗ್ ಬುಕ್. ಫೋಟೋ ಎಲ್ಲರೂ ಜೋಪಾನ ಮಾಡ್ತಾರೆ, ಯಾವ ಕ್ಯಾಮೆರಾ ಯಾವ ರಾತ್ರಿ ಕೆಲಸ ಮಾಡ್ತಿತ್ತು ಅನ್ನೋದನ್ನ ಯಾರೂ ಬರೆಯಲ್ಲ. ಚಿರತೆ ಬರಲಿಲ್ಲ ಅನ್ನೋದು ಡೇಟಾ, ಬ್ಯಾಟರಿ ಸತ್ತಿತ್ತು ಅನ್ನೋದು ಡೇಟಾ ಅಲ್ಲ, ಕಾರ್ಡಲ್ಲಿ ಎರಡೂ ಖಾಲಿಯಾಗೇ ಕಾಣತ್ತೆ. ಸತ್ತ ರಾತ್ರಿನೂ ಸೊನ್ನೆ ಅಂತ ತುಂಬಿದ್ರೆ ಸಿಗೋ ಚಾನ್ಸ್ ಕಡಿಮೆ ಇದೆ ಅಂತ ಮಾಡೆಲ್ ಅನ್ಕೊಂಡು ಚಿರತೆ ಸಂಖ್ಯೆ ಏರಿಸಿಬಿಡತ್ತೆ. ನಾವು ಕಟ್ಟುವಾಗ, ಚೆಕ್ ಮಾಡುವಾಗ, ಬಿಚ್ಚುವಾಗ, ಪ್ರತಿ ಸಲ ಕ್ಯಾಮೆರಾ ಮುಂದೆ ತಾರೀಖು ಬರೆದ ಸ್ಲೇಟ್ ಹಿಡಿದು ಒಂದು ಫೋಟೋ. ಹಸು ಉಜ್ಜಿ ಕ್ಯಾಮೆರಾ ಆಕಾಶ ನೋಡ್ತಿದ್ರೆ ಯಾವ ಫೋಟೋದಿಂದ ತಿರುಗಿದೆ ನೋಡಿ ಅವತ್ತಿಂದ ಆ ಕ್ಯಾಮೆರಾ ಬಂದ್.

ಕೊನೆಗೆ ಸಿಗೋದು ಒಂದು ನಂಬರ್ ಅಲ್ಲ, ಇಷ್ಟರಿಂದ ಇಷ್ಟು ಅನ್ನೋ ರೇಂಜ್. ‘ಸರಿ, ಒಂದು ನಂಬರ್ ಹೇಳಿ’ ಅಂತ ಮೀಟಿಂಗ್‌ನಲ್ಲಿ ಕೇಳೇ ಕೇಳ್ತಾರೆ. ಹುಲಿ ಲೆಕ್ಕದಲ್ಲೂ ಇದೇ ಆಗಿದ್ದು, 2023ರ ಏಪ್ರಿಲ್‌ನಲ್ಲಿ ಮೈಸೂರಲ್ಲಿ ದೇಶದ ಹುಲಿ ಕನಿಷ್ಠ 3,167 ಅಂದ್ರು, ಜುಲೈನಲ್ಲಿ ಸರಾಸರಿ 3,682, ಮೇಲ್ಮಿತಿ 3,925 ಅಂತ ಬಂತು, ನನ್ನ ಭಾವ ಫೋನ್ ಮಾಡಿ ಮೂರು ತಿಂಗಳಲ್ಲಿ ಐನೂರು ಹುಟ್ಟಿದ್ವೇನಯ್ಯಾ ಅಂತ ನಗಾಡಿದ್ರು. ಕನಿಷ್ಠ ಬೇರೆ ಸರಾಸರಿ ಬೇರೆ ಅಂತ ಅವರಿಗೆ ಅರ್ಥ ಮಾಡ್ಸೋಕೆ ಅರ್ಧ ಗಂಟೆ ಹಿಡೀತು. ಅದಕ್ಕೇ ಈಗ ನಾನು ಸ್ಲೈಡ್‌ನಲ್ಲಿ ರೇಂಜ್ ಒಂದನ್ನೇ ದೊಡ್ಡದಾಗಿ ಹಾಕ್ತೀನಿ, ಮಧ್ಯದ ನಂಬರ್ ಕೇಳಿದೋರಿಗೆ ಮಾತ್ರ ಹೇಳ್ತೀನಿ.